ಬಾರ್ಲಿಯಿಲ್ಲದ ಶನಿವಾರಗಳು

ಗೋಧಿ ಬಿಡಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂತು. ವಿಜಯಪುರದ ಕಡೆ ಜೋಳದ ರೊಟ್ಟಿ ತಿಂದು ಬೆಳೆದವಳಿಗೆ ಗೋಧಿ ಯಾವ ಲೆಕ್ಕ? ವರ್ಷಗಟ್ಟಲೆ ರಕ್ತ ಕಡಿಮೆ ಎಂದು ಗುಳಿಗೆ ನುಂಗಿಸಿ, ಹೊಟ್ಟೆನೋವಿಗೆ ನನ್ನ ಮನಸ್ಸೇ ಕಾರಣವೆಂದು ಬುದ್ಧಿ ಹೇಳಿದವರೆಲ್ಲ ಆದ ಮೇಲೆ ಈ ಡಾಕ್ಟರು ರೋಗ ಪತ್ತೆ ಹಚ್ಚಿದ್ದರು. ಗೋಧಿಯಲ್ಲಿರುವ ಗ್ಲುಟೆನ್ ನನ್ನ ಕರುಳನ್ನು ಕೆಡಿಸುತ್ತಿತ್ತಂತೆ. ಎದ್ದು ಹೊರಡುವಾಗ ಅವರು ತೆಲುಗಿನಲ್ಲಿ ಇನ್ನೊಂದು ಮಾತು ಸೇರಿಸಿದರು. ಬಾರ್ಲಿಯಲ್ಲೂ ಅದೇ ಗ್ಲುಟೆನ್, ಅದೂ ಬೇಡ, ಬೀರಿನ ರೂಪದಲ್ಲೂ ಬೇಡ. ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಗಂಡನ ಕೆಲಸಕ್ಕೆಂದು ತೆಲುಗು ನಾಡಿಗೆ ಬಂದು ನೆಲೆಸಿದ ಕುಷಾಯಿಗೂಡದ ನಮ್ಮ ಮನೆಗೆ ಶನಿವಾರ ಸಂಜೆ ಒಂದು ಬಾಟಲಿ ಬೀರು ಬರುತ್ತಿತ್ತು. ಪಕ್ಕದ ಮನೆಯವರಿಗೆ ಮಜ್ಜಿಗೆಯೆನ್ನಿಸಲಿ ಎಂದು ಸ್ಟೀಲ್ ಲೋಟಕ್ಕೆ ಸುರಿದುಕೊಂಡು, ಮಾಳಿಗೆ ಮೇಲೆ ಕೂತು ಅರ್ಧರ್ಧ ಕುಡಿಯುತ್ತಿದ್ದೆವು. ಹೆಂಗಸು ಬೀರು ಕುಡಿಯುವುದೇ ಎಂದು ಮೂಗು ಮುರಿಯುವವರು ಮುರಿಯಲಿ. ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ಆಯುಷ್ಯ ಕಳೆದ ನನ್ನ ಗಂಡ, ವಾರವಿಡೀ ಹೂಂ, ಉಹೂಂ ಬಿಟ್ಟರೆ ಬಾಯಿ ತೆರೆಯುವವರಲ್ಲ. ಲೋಟ ಅರ್ಧ ಖಾಲಿಯಾದರೆ ಮಾತ್ರ ಮಾತು ಶುರುವಾಗುತ್ತಿತ್ತು. ಬಾಲ್ಯದ ಬಾವಿ, ಸತ್ತ ತಂಗಿ, ಕಾರ್ಖಾನೆಯ ಜಗಳಗಳು, ನನ್ನನ್ನು ನೋಡಲು ಬಂದ ದಿನ ತಾನು ತೊಟ್ಟದ್ದು ಎರವಲು ಅಂಗಿ ಎಂಬ ಗುಟ್ಟು, ಎಲ್ಲ ನನಗೆ ಸಿಕ್ಕಿದ್ದು ಮಾಳಿಗೆಯ ಮೇಲೆಯೇ. ಮಕ್ಕಳಿಲ್ಲದ ಮನೆ ನಮ್ಮದು. ಆ ಸಂಜೆ ಹೋದರೆ ನನಗೆ ಈ ಮನುಷ್ಯ ಸಿಗುವುದಿಲ್ಲ ಎಂದು ಗೊತ್ತಿತ್ತು.

ಅವರಿಗೂ ಗೊತ್ತಿತ್ತೇನೋ. ಬೇಗಂ ಬಜಾರಿಗೆ ಹೋಗಿ ನನಗೆಂದೇ ಹೊಸ ತವಾ, ಹೊಸ ಲೋಟ, ಹೊಸ ಜರಡಿ ತಂದರು. ಅವರ ಚಪಾತಿಯ ಹಿಟ್ಟು ನನ್ನ ಪಾತ್ರೆಗೆ ತಾಗಕೂಡದು. ಅತ್ತೆಯ ಮಡಿಯನ್ನು ಜೀವನಪೂರ್ತಿ ಆಡಿಕೊಂಡ ನಾನು, ಈಗ ಗಂಡ ನನ್ನ ಒಲೆ ಮುಟ್ಟಿದರೆ ಸಿಡುಕುವವಳಾದೆ. ಬಾರ್ಲಿಯಿಲ್ಲದ ಬೀರು ಕೇಳಿದರೆ ವೈನ್ಸ್ ಅಂಗಡಿಯವನು ನಕ್ಕನಂತೆ. ಕೊನೆಗೆ ನಮ್ಮ ಮೇಲಿನ ಮನೆಯ ಬಾಡಿಗೆಯವಳು, ಐಟಿ ಕೆಲಸದ ಮಂಗಳೂರಿನ ಹುಡುಗಿ, ವಿದೇಶಕ್ಕೆ ಹೋದಾಗಲೆಲ್ಲ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಒಂದೊಂದು ಬಗೆ ತಂದುಕೊಟ್ಟಳು.

ಮೊದಲು ಬಂದದ್ದು ಅಕ್ಕಿಯ ಬೀರು. ನನಗಾಗಿ ಯಜಮಾನರೂ ಅದನ್ನೇ ಸುರಿದುಕೊಂಡರು. ಅಕ್ಕಿ ತೊಳೆದ ನೀರಿಗೆ ಸೋಡಾ ಬೆರೆಸಿದ ಹಾಗಿತ್ತು. ನೊರೆ ಏಳುವ ಮೊದಲೇ ಇಳಿದುಹೋಯಿತು.

"ಹ್ಯಾಂಗೈತ್ರಿ?" ಎಂದೆ.

"ಐತಿ," ಎಂದರು. ಲೋಟ ಖಾಲಿ ಮಾಡಿ ಎದ್ದು ಕೆಳಗಿಳಿದರು.

ಎರಡನೆಯದು ಜೋಳದ್ದು. ನಮ್ಮ ಜೋಳವಲ್ಲವೇ ಎಂದು ನಾನು ಆಸೆ ಕಟ್ಟಿದ್ದೆ. ಮೂಗಿನ ಹತ್ತಿರ ತಂದರೆ ಹುಳಿ ಅಂಬಲಿ. ಜ್ವರ ಬಂದಾಗ ಅವ್ವ ಮೂಗು ಹಿಡಿದು ಕುಡಿಸುತ್ತಿದ್ದದ್ದೇ ವಿದೇಶದಿಂದ ಬಾಟಲಿ ತುಂಬಿಕೊಂಡು ಬಂದಿತ್ತು. ಹಿಂದೆಯೇ ಒಂದು ಸಿಹಿ, ನಾಲಿಗೆಗೆ ಮೆತ್ತಿಕೊಂಡು ಬಿಡದು. ಯಜಮಾನರು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟು, ಎದುರುಮನೆಯ ನೀರಿನ ಟಾಕಿ ತುಂಬಿ ಹರಿಯುವುದನ್ನು ನೋಡುತ್ತ ಕೂತರು. ನನಗೆ ಸಿಟ್ಟು ಬಂತು. ಬೀರಿನ ಮೇಲೋ, ಅವರ ಮೇಲೋ, ನನ್ನ ಕರುಳಿನ ಮೇಲೋ ಹೇಳಲಾರೆ.

ಮೂರನೆಯ ಬಾಟಲಿ ಕೊಡುವಾಗ ಹುಡುಗಿ ಹೇಳಿದಳು, "ಇದು ಬಾರ್ಲಿದೇ ಆಂಟಿ. ಆದ್ರೆ ಗ್ಲುಟೆನ್ ತೆಗೆದಿದ್ದಾರಂತೆ. ಕುಡಿದು ನೋಡಿ."

ಮುಚ್ಚಳ ತೆಗೆದ ಕೂಡಲೇ ಹುರಿದ ಧಾನ್ಯದ ಆ ಹಳೆಯ ವಾಸನೆ. ಲೋಟದ ಅಂಚಿಗೆ ನಿಂತ ನೊರೆ. ಗಂಟಲ ಕೊನೆಯಲ್ಲಿ, ಇರಬೇಕಾದ ಜಾಗದಲ್ಲೇ, ಕಹಿ. ನನ್ನ ಕಣ್ಣಲ್ಲಿ ನೀರು ಬಂತು. ಯಜಮಾನರು ದೊಡ್ಡ ಗುಟುಕು ಎಳೆದು, ಮೀಸೆ ಒರೆಸಿಕೊಂಡು, "ನಿನಗೊಂದು ಹೇಳೇ ಇಲ್ಲ ನೋಡು," ಎಂದು ಶುರುಮಾಡಿದರು. ಮೊದಲ ಪಗಾರದಲ್ಲಿ ಸುಲ್ತಾನ್ ಬಜಾರಿನಲ್ಲಿ ನನಗೆ ಸೀರೆ ಕೊಳ್ಳಲು ಹೋಗಿ, ಬಣ್ಣ ಯಾವುದೆಂದು ತಿಳಿಯದೆ ಅಂಗಡಿ ಅಂಗಡಿ ತಿರುಗಿ, ನಾಚಿಕೊಂಡು ಬರಿಗೈಲಿ ಬಂದರಂತೆ. ಇಷ್ಟು ವರ್ಷ ಆ ಮಾತು ಅವರ ಹೊಟ್ಟೆಯಲ್ಲೇ ಇತ್ತು. ಅವತ್ತು ನಾನು ಸುಖಿಯಾಗಿದ್ದೆ.

ಮರುದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗಿದವಳು ಏಳಲು ಬಹಳ ದಿನ ಬೇಕಾಯಿತು. ಡಾಕ್ಟರು ಬೈದರು. ತೆಗೆದಿದ್ದಾರೆ ಎಂದರೆ ಪೂರ್ತಿ ಹೋಗಿದೆ ಎಂದಲ್ಲ, ಬಾರ್ಲಿ ಬಾರ್ಲಿಯೇ ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರೆ. ಆ ಭಾಗ್ಯ ಯಾವ ರೋಗಿಗೋ. ಮೂರರಲ್ಲಿ ಬೀರಿನಂತಿದ್ದದ್ದು ಒಂದೇ, ನನಗೆ ವಿಷವಾದದ್ದೂ ಅದೇ. ಹುಡುಗಿ ಅತ್ತು ಕ್ಷಮೆ ಕೇಳಿದಳು. ಅವಳದೇನು ತಪ್ಪು?

ಯಜಮಾನರು ಮಾತ್ರ ಆಮೇಲೆ ಯಾವ ಬಾಟಲಿಯನ್ನೂ ಮನೆಗೆ ಬಿಟ್ಟುಕೊಳ್ಳಲಿಲ್ಲ. ಶನಿವಾರ ಸಪ್ಪಗೆ ಕೂರುವುದನ್ನು ನೋಡಲಾರದೆ ನಾನೇ, "ನೀವರೆ ಹೋಗಿ ಕುಡದ ಬರ್ರಿ," ಎಂದು ಗಂಟುಬಿದ್ದೆ. ಈಗ ವೈನ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಸಹೋದ್ಯೋಗಿಗಳ ಜೊತೆ ಕುಡಿಯುತ್ತಾರೆ. ಅವರಲ್ಲಿ ನಮ್ಮ ಕಡೆಯವರೇ ಒಬ್ಬರು ತರಕಾರಿ ಅಂಗಡಿಯಲ್ಲಿ ಸಿಕ್ಕು, "ನಿಮ್ಮ ಯಜಮಾನರು ಭಾಳ ಛಲೋ ಮಾತಾಡ್ತಾರ್ರಿ," ಎಂದರು. ಹೌದು ಎಂದು ತಲೆಯಾಡಿಸಿ ಬಂದೆ.

ಹೊರಗೆ ಕುಡಿದು ಬಂದವರು ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುತ್ತಾರೆ, ಮುಖ ತೊಳೆಯುತ್ತಾರೆ, ಲವಂಗ ಅಗಿಯುತ್ತಾರೆ. ಆಮೇಲೆ ನನ್ನಿಂದ ದೂರದ ಕುರ್ಚಿಯಲ್ಲಿ ಕೂರುತ್ತಾರೆ.

"ಹತ್ರ ಬರ್ರಿ," ಎನ್ನುತ್ತೇನೆ.

"ಬ್ಯಾಡ. ನಿನಗ ತ್ರಾಸ ಆಕೈತಿ."

ಮಾತೆಲ್ಲ ಆ ವೈನ್ಸ್ ಅಂಗಡಿಯಲ್ಲೇ ಮುಗಿದಿರುತ್ತದೆ. ನನ್ನವರೆಗೆ ಬರುವುದು ಲವಂಗದ ವಾಸನೆಯೊಂದೇ.