ಕಂಬವಿಲ್ಲದ ಮೇಷ್ಟ್ರು

ಸಮೋವಾದ ಸವಾಯಿ ದ್ವೀಪದ ಒಂದು ಊರಿನಲ್ಲಿ ಎತುವಾತಿ ಮೇಷ್ಟ್ರು ಇಪ್ಪತ್ತಮೂರು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿದರು. ಶಾಲೆಯ ವಿಷಯದಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ತೀರ್ಮಾನವೆಲ್ಲ ಸಮಿತಿಯ ಯಜಮಾನರದು. ಅವರು ಸೇರುವ ಸಭಾಮನೆಗೆ ಗೋಡೆಯಿಲ್ಲ, ಕಂಬಗಳಷ್ಟೆ. ಒಬ್ಬೊಬ್ಬ ಯಜಮಾನನಿಗೂ ಒರಗಲು ಒಂದೊಂದು ಕಂಬ. ಕಂಬ ಉಳ್ಳವನಿಗೆ ಬಾಯಿ ಉಂಟು. ಮೇಷ್ಟ್ರಿಗೆ ಕಂಬವಿರಲಿಲ್ಲ. ಮಾತು ಶುರುವಾಗುವ ಮುಂಚೆ ಆವಾ ಎಂಬ ಬೇರಿನ ರಸವನ್ನು ತೆಂಗಿನ ಚಿಪ್ಪಿನಲ್ಲಿ ಒಬ್ಬೊಬ್ಬರಾಗಿ ಕುಡಿಯುವುದು ಪದ್ಧತಿ. ಗಂಟಲು ದೊಡ್ಡದೆಂದು, ಆ ಚಿಪ್ಪು ಯಾರಿಗೆ ಹೋಗಬೇಕೋ ಅವರ ಹೆಸರನ್ನು ಹಿಂದೆ ಕೂತು ಕೂಗುವ ಕೆಲಸ ಮೇಷ್ಟ್ರಿಗೆ ಕೊಟ್ಟಿದ್ದರು.

ಒಂದು ಸಲ ಒಂದನೇ ಕ್ಲಾಸಿನ ಕೋಣೆ ರಗ್ಬಿ ತಂಡದ ಸಾಮಾನಿಗೆ ಬೇಕಾಯಿತು. ಮಕ್ಕಳು ಹಲಸಿನಂಥ ಕಾಯಿ ಬಿಡುವ ಜೀಗುಜ್ಜೆ ಮರದ ಕೆಳಗೆ ಕೂರಲಿ ಎಂದರು ಯಜಮಾನರು. ಮೇಷ್ಟ್ರು ಅಧ್ಯಕ್ಷ ತಗಲೋವನ ಮನೆಗೇ ಹೋದರು.

"ಮಳೆ ಬಂದ್ರೆ ಯಜಮಾನ್ರೇ?"

"ಮನೆಗೆ ಕಳ್ಸಿ. ಐದು ವರ್ಷದವು ಕಲ್ತು ಏನು ಕಡಿದು ಗುಡ್ಡೆ ಹಾಕ್ಬೇಕು?"

"ಕಾಯಿ ತಲೆ ಮೇಲೆ ಬಿದ್ರೆ?"

"ಅಡುಗೆಗಾಯ್ತು."

ಮರುದಿನ ಸಭೆ. ಮೇಷ್ಟ್ರು ಒಬ್ಬೊಬ್ಬರ ಹೆಸರು ಕೂಗುತ್ತ ಹೋದರು. ಅಧ್ಯಕ್ಷ ಕುಡಿದ, ಪಾದ್ರಿ ಕುಡಿದರು, ಹೆಡ್‌ಮಾಸ್ತರೂ ಕುಡಿದು ಬಾಯಿ ಒರೆಸಿಕೊಂಡರು. ಕೊನೆಗೆ ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು: "ಒಂದನೇ ಕ್ಲಾಸಿನ ಚಿಪ್ಪು!"

ಚಿಪ್ಪು ಹಂಚುತ್ತಿದ್ದ ತಗಲೋವನ ಅಳಿಯ ಗರಬಡಿದಂತೆ ನಿಂತ. ಕೂಗಿದ ಚಿಪ್ಪನ್ನು ವಾಪಸು ಸುರಿಯುವಂತಿಲ್ಲ. ಅದು ಖಾಲಿಯಾಗದೆ ಮಾತು ಶುರುವಾಗುವಂತಿಲ್ಲ.

"ಏನ್ರೀ ಹುಡುಗಾಟ? ಯಾರ್ರೀ ಕುಡೀಬೇಕು ಅದನ್ನ?" ತಗಲೋವ ಗುಡುಗಿದ.

"ಆ ಮಕ್ಕಳ ಪರ ಯಾರು ಮಾತಾಡ್ತಾರೋ ಅವ್ರು."

ಯಾರೂ ಕೈ ಚಾಚಲಿಲ್ಲ. ಹೆಡ್‌ಮಾಸ್ತರು ಚಾಪೆಯ ಎಳೆ ಎಣಿಸತೊಡಗಿದರು. ಹಲ್ಲಿಲ್ಲದ ಮುದಿ ಯಜಮಾನ ಫೆಪುಲ ಆಕಳಿಸಿದ.

"ಕೂಗಿದವ್ನಿಗೇ ಕುಡಿಸ್ರೋ. ನಂಗೆ ಹಸಿವು."

ಮೇಷ್ಟ್ರು ಕುಡಿದರು. ಕುಡಿದ ಮೇಲೆ ಮಾತಿನ ಹಕ್ಕು. "ಚೆಂಡು ನೆನೆದ್ರೆ ಒರೆಸ್ಬಹುದು. ಮಕ್ಕಳು ನೆನೆದ್ರೆ ಜ್ವರ. ಕೋಣೆ ಬಿಡಲ್ಲ."

"ತಂಡ ಗೆದ್ದ ಕಪ್‌ಗಳನ್ನೆಲ್ಲ ಎಲ್ಲಿಡೋದು?" ಎಂದ ತಗಲೋವ.

"ಎಷ್ಟು ಗೆದ್ದಿದ್ದೀವಿ?" ಫೆಪುಲ ಕೇಳಿದ.

"ಒಂದು."

"ಅದು ನನ್ ಮನೇಲಿದೆ. ಹೆಂಡ್ತಿ ಉಪ್ಪು ಹಾಕಿಟ್ಟಿದ್ದಾಳೆ."

ಸಭೆ ನಕ್ಕಿತು. ಕೋಣೆ ಉಳಿಯಿತು. ಪದ್ಧತಿ ಮುರಿದದ್ದಕ್ಕೆ ಮೇಷ್ಟ್ರಿಗೆ ಒಂದು ಹಂದಿ ದಂಡ.

ಹೆಂಡತಿ ಒಲಿವಾ ಕೂಗಾಡಿದಳು: "ನನ್ ಹಂದೀನೇ ಸಿಕ್ತಾ ನಿಮ್ಗೆ?"

"ಒಂದನೇ ಕ್ಲಾಸಿಗೆ ಬಾಯಿ ಬಂತಲ್ಲೇ."

"ಹಂದಿ ಹೋಯ್ತಲ್ರೀ!"

ಯಜಮಾನರು ಹಂದಿ ತಿಂದರು. ಕೂಗಲು ಬೇರೊಬ್ಬನನ್ನಿಟ್ಟರು. ಆದರೆ ಒಮ್ಮೆ ಕೂಗಿಯಾಗಿತ್ತು; ಕೂಗಿದ ಹೆಸರನ್ನು ಮತ್ತೆ ಕೈಬಿಡುವಂತಿಲ್ಲ. ಪ್ರತಿ ಸಭೆಯಲ್ಲೂ ಒಂದನೇ ಕ್ಲಾಸಿಗೊಂದು ಚಿಪ್ಪು ಕೊಡಲೇಬೇಕಾಯಿತು.

ಮೇಷ್ಟ್ರು ಸತ್ತು ಎಂಟು ತಿಂಗಳು. ಈಗ ಅದನ್ನು ಹೊಸ ಟೀಚರಮ್ಮ ಕುಡಿಯುತ್ತಾಳೆ. ಕಹಿಗೆ ಮುಖ ಕಿವಿಚುತ್ತಾಳೆ. ಆಮೇಲೆ ಜಗಳಕ್ಕೆ ಕೂರುತ್ತಾಳೆ.