ಮಿಲ್ಲಿನ ಮುಂದೆ ಡಬ್ಬಗಳ ಸಾಲು

ಮೊನ್ನೆ ಅಡುಗೆಮನೆಯ ಅಟ್ಟ ಖಾಲಿ ಮಾಡುವಾಗ ಹಳೆಯ ತಗಡಿನ ಡಬ್ಬವೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಎಷ್ಟೋ ವರ್ಷದಿಂದ ಬರಿದಾಗಿ ಕೂತಿದ್ದರೂ ಹಿಟ್ಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ‘ಆರೂವರೆ’ ಎಂದು ಬರೆದಿತ್ತು. “ಗುಜರಿಗೆ ಹಾಕ್ಲಾ?” ಎಂದಳು ಹೆಂಡತಿ. ಬೇಡ ಎಂದೆ. ಯಾಕೆ ಎಂದು ಅವಳಿಗೆ ಹೇಳಲು ನಾಚಿಕೆಯಾಯಿತು. ನಿಮಗೆ ಹೇಳಬಹುದು, ನೀವಾದರೆ ಮನೆಯಲ್ಲಿ ದಿನವೂ ಎತ್ತಿ ಆಡುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದಿರಬೇಕು. ಗೋವಿಂದರಾಜನಗರದ ನಮ್ಮ ಬೀದಿಯ ಕೊನೆಯಲ್ಲಿ ಗಿರಿಜಮ್ಮನವರ ಹಿಟ್ಟಿನ ಮಿಲ್ಲಿತ್ತು. ತುಮಕೂರು ಕಡೆಯವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಅಲ್ಲಿ ಸಾಲಿನಲ್ಲಿ ಜನ ನಿಲ್ಲುತ್ತಿರಲಿಲ್ಲ, ಡಬ್ಬಗಳು ನಿಲ್ಲುತ್ತಿದ್ದವು. ಸಂಜೆ ಇಟ್ಟು ಬಂದರೆ ಮಾರನೆಯ ದಿನ ಸರದಿಯ ಪ್ರಕಾರ ಹಿಟ್ಟಾಗಿರುತ್ತಿತ್ತು. ಒಬ್ಬರ ಡಬ್ಬವನ್ನು ಇನ್ನೊಬ್ಬರು ಹಿಂದೆ ತಳ್ಳಿದ್ದನ್ನು ನಾನು ಕಂಡಿಲ್ಲ. ನಾನೊಬ್ಬ ಮಾತ್ರ ಡಬ್ಬದೊಳಗೆ ಚೀಟಿ ಇಡುತ್ತಿದ್ದೆ: ‘ನುಣ್ಣಗಿರಲಿ. ರಾಗಿ ಬೀಸಿದ ಮೇಲೆ ನಮ್ಮ ಗೋಧಿ ಹಾಕಬಾರದು.’ ಹೈಸ್ಕೂಲಿನಲ್ಲಿ ಅಕ್ಷರಕ್ಕೆ ಬಹುಮಾನ ಪಡೆದವನು ನಾನು. ಅದನ್ನು ತೋರಿಸಲು ಒಂದು ಜಾಗ ಬೇಕಲ್ಲ.

ಆ ಚಳಿಗಾಲದಲ್ಲಿ ಬೆಳಬೆಳಗ್ಗೆಯೇ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಗತೊಡಗಿತು. ಒಂದು ದಿನ ಮೈತುಂಬ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಡುಗುತ್ತಾ ನಿಂತಾಗ ನನ್ನ ತಲೆ ಕೆಟ್ಟಿತು. ಬೀದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೋಟಾರು ಯಾರದು? ಮಿಲ್ಲಿನದು. ಅಲ್ಲಿಗೆ ನನ್ನ ತನಿಖೆ ಮುಗಿಯಿತು. ಮಿಲ್ಲಿನ ಕನೆಕ್ಷನ್ ತೆಗೆಯಬೇಕೆಂದು ಎರಡು ಪುಟ ಅರ್ಜಿ ಬರೆದು, ಕೆಳಗೆ ‘ಇಂತಿ, ನೊಂದ ನಾಗರಿಕರು’ ಎಂದು ಸೇರಿಸಿ ಕರೆಂಟ್ ಆಫೀಸಿಗೆ ಅಂಚೆಯಲ್ಲಿ ಕಳಿಸಿದೆ. ಬಹುವಚನ ಹೆಸರಿಗಷ್ಟೇ, ನೊಂದವನು ನಾನೊಬ್ಬನೇ.

ಕೆಲವು ದಿನಗಳಲ್ಲಿ ಆ ಆಫೀಸಿನವರು ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಭೂಮಿ ಬಿಸಿಯಾಗುತ್ತಿದೆ, ಕರೆಂಟು ಉಳಿಸಬೇಕು, ಊರಿಗೆ ಯೋಜನೆ ಮಾಡುವಾಗ ಮನೆಯವರನ್ನೂ ಅಂಗಡಿಯವರನ್ನೂ ಕೇಳಿಯೇ ಮಾಡಬೇಕೆಂದು ಮೇಲಿನಿಂದ ಹೇಳಿದ್ದಾರಂತೆ. ಕೇಳುವ ಅಭ್ಯಾಸ ಅವರಿಗಿರಲಿಲ್ಲ, ಹೇಳುವ ಅಭ್ಯಾಸ ನಮಗಿರಲಿಲ್ಲ. ಮೊದಲ ಅರ್ಧ ಗಂಟೆ ಟೀ ಬಿಸ್ಕತ್ತಿನಲ್ಲೇ ಕಳೆಯಿತು. ಆಮೇಲೆ ಎಂಜಿನಿಯರು ನನ್ನ ಅರ್ಜಿಯನ್ನು ಹೊರತೆಗೆದು, “ನಿಮ್ ಮಿಲ್ ಮೇಲೆ ಕಂಪ್ಲೇಂಟ್ ಇದೆ, ಏನಂತೀರಮ್ಮಾ?” ಎಂದು ಗಿರಿಜಮ್ಮನವರ ಕೈಗೇ ಕೊಟ್ಟುಬಿಟ್ಟರು.

ಕನೆಕ್ಷನ್ ಹೋದರೆ ಆಕೆಯ ಅನ್ನವೇ ಹೋದಂತೆ. ಅದು ನನಗೆ ಹೊಳೆದದ್ದು ಆ ಗಳಿಗೆಯಲ್ಲೇ. ಆಕೆ ಕಾಗದವನ್ನು ಬಹಳ ಹೊತ್ತು ನೋಡಿದರು. ಒಮ್ಮೆ ತಲೆಯೆತ್ತಿ ನನ್ನ ಕಡೆಗೂ ನೋಡಿದರು. ಆಮೇಲೆ ಮಡಿಸಿ ವಾಪಸು ಕೊಟ್ಟರು.

“ಸಾರ್, ಫ್ಯೂಸ್ ಹೋಗೋದು ಏಳು ಗಂಟೆಗೆ. ನಾನು ಮಿಲ್ ಬಾಗಿಲು ತೆಗೆಯೋದೇ ಒಂಬತ್ತಕ್ಕೆ.”

ಆಮೇಲೆ ಆಕೆ ನಮ್ಮೆಲ್ಲರ ಕಡೆ ತಿರುಗಿದರು.

“ಏಳಕ್ಕೆ ಎಲ್ರ ಮನೇಲೂ ಗೀಸರ್ರು, ಎಲ್ರ ಮನೇಲೂ ನೀರಿನ ಮೋಟ್ರು. ಎಲ್ಲಾ ಒಟ್ಟಿಗೆ ಹಾಕಿದ್ರೆ ಆ ಟ್ರಾನ್ಸ್‌ಫಾರ್ಮರ್ ಆದ್ರೂ ಏನ್ಮಾಡುತ್ತೆ? ಇಪ್ಪತ್ತು ಡಬ್ಬಾನೂ ನಾನು ಒಂದೇ ಸಲ ಮಿಲ್ಲಿಗೆ ಸುರೀತೀನಾ? ಸರದಿ ಮಾಡ್ಕೊಳೋಣ.”

“ಯಾರ ಸರದಿ ಯಾವಾಗ ಅಂತ ಯಾರು ನೆನಪಿಟ್ಕೋತಾರಮ್ಮಾ?” ಎಂದರು ಎಂಜಿನಿಯರು.

“ಎಲ್ರೂ ಡಬ್ಬ ತಂದೇ ತರ್ತಾರೆ. ಮುಚ್ಚಳದ ಮೇಲೆ ಬರೆದ್‌ಬಿಡ್ತೀನಿ.”

ಹಾಗೇ ಬರೆದರು. ಗೀಸರಿಗೂ ಮೋಟಾರಿಗೂ ಐದೂವರೆಯಿಂದ ಎಂಟರವರೆಗೆ ಒಂದೊಂದು ಮನೆಗೆ ಒಂದೊಂದು ಹೊತ್ತು, ನಮಗೆ ಆರೂವರೆ. ಬೇಕರಿಯವರು ತಾವಾಗಿಯೇ ತಮ್ಮ ಕರೆಂಟ್ ಒಲೆಯನ್ನು ಎಂಟರ ಆಚೆಗೆ ಹಾಕಿಕೊಂಡರು. ಐದೂವರೆಯ ಸರದಿ ಬಿದ್ದ ಮನೆಯವರು ನಿದ್ದೆ ಬಿಡಲಾರದೆ ಸೋಲಾರ್ ಹಾಕಿಸಿದರು. ಅವರನ್ನು ನೋಡಿ ಇನ್ನಿಬ್ಬರು ಹಾಕಿಸಿದರು. ಫ್ಯೂಸ್ ಹೋಗುವುದು ಅಪರೂಪವಾಯಿತು, ನನಗೆ ಬಿಸಿನೀರೂ ಸಿಕ್ಕಿತು. ಆದರೆ ಮೈಮೇಲೆ ಅದನ್ನು ಸುರಿದುಕೊಳ್ಳುವಾಗಲೆಲ್ಲ ಏನೋ ಚುಚ್ಚುತ್ತಿತ್ತು. ಕೊನೆಗೊಂದು ದಿನ ಮಿಲ್ಲಿಗೆ ಹೋಗಿ ಒಪ್ಪಿಕೊಂಡೆ.

“ಅಮ್ಮಾ, ಆ ಅರ್ಜಿ ಬರೆದೋನು ನಾನೇ.”

“ಗೊತ್ತು ಸಾರ್. ನಿಮ್ ಚೀಟಿ ಎಷ್ಟು ಓದಿಲ್ಲ ನಾನು! ಅಂಥ ಮುತ್ತಿನಂಥ ಅಕ್ಷರ ಈ ಬೀದೀಲಿ ಇನ್ಯಾರ್ದಿದೆ?”

“ಮತ್ತೆ ಸಭೇಲಿ ಹೇಳ್ಬಹುದಿತ್ತಲ್ಲ?”

“ಹೇಳಿದ್ರೆ ನೀವು ತಲೆ ತಗ್ಗಿಸ್ಕೊಂಡು ಓಡಾಡ್ಬೇಕಾಗ್ತಿತ್ತು. ಒಂದೇ ಬೀದಿಯೋರು, ದಿನಾ ಮುಖ ನೋಡ್ಬೇಕಲ್ವಾ,” ಎಂದು ನಕ್ಕು ನಮ್ಮ ಗೋಧಿಯನ್ನು ಮಿಲ್ಲಿಗೆ ಸುರಿದರು. ರಾಗಿಗಿಂತ ಮೊದಲೇ.

ಆಕೆ ಉಳಿಸಿದ ಕರೆಂಟು ಎಷ್ಟೋ ನನಗೆ ಗೊತ್ತಿಲ್ಲ. ನನ್ನ ಮಾನ ಉಳಿಸಿದ್ದು ಗೊತ್ತು. ಆ ಉಪಕಾರವನ್ನು ನಾನು ಸಾಯುವವರೆಗೆ ಮರೆಯಲಾರೆ ಎಂದುಕೊಂಡಿದ್ದೆ. ಆದರೂ ಪೊಟ್ಟಣದ ಹಿಟ್ಟು ಬಂದದ್ದೇ ತಡ, ಸೋಮಾರಿಯಾಗಿ ಡಬ್ಬವನ್ನು ಅಟ್ಟಕ್ಕೇರಿಸಿದವನೂ ನಾನೇ.

ಮಿಲ್ಲು ಇನ್ನೂ ಇದೆ. ಗಿರಿಜಮ್ಮನವರೂ ಇದ್ದಾರೆ, ಕನ್ನಡಕ ಮಾತ್ರ ದಪ್ಪವಾಗಿದೆ. ಈ ದಿನ ಡಬ್ಬವನ್ನು ತೊಳೆದು ಒಣಗಿಸಿ ಗೋಧಿ ತುಂಬಿದೆ. ಚೀಟಿ ಬರೆಯಲು ಕೂತರೆ ಬಹುಮಾನದ ಅಕ್ಷರ ಸೊಟ್ಟಗಾಗಿದೆ. ‘ರಾಗಿ ಬೀಸಿದ ಮೇಲೆ’ ಎಂದು ಶುರುಮಾಡಿ ಹೊಡೆದುಹಾಕಿದೆ. ‘ನಿಮಗೆ ಹೇಗೆ ಅನುಕೂಲವೋ ಹಾಗೆ ಬೀಸಿ, ಅಮ್ಮಾ’ ಎಂದು ಬರೆದೆ. ಈ ಸಲ ಕೆಳಗೆ ನನ್ನ ಹೆಸರನ್ನೂ ಹಾಕಿದೆ.