ಮೇಷ್ಟ್ರ ಪೋರ್ಟ್ ಬಾಟಲಿ

ನಾವು ನಾಲ್ಕು ಜನ ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಜಯಲಕ್ಷ್ಮಿಪುರಂನ ಮೇಷ್ಟ್ರ ಮನೆಯಲ್ಲಿ ಸೇರಿ ವೈನ್ ಕುಡಿಯುತ್ತೇವೆ. ಕುಡಿಯುವುದಕ್ಕಿಂತ ಮೂಸುವುದು ಹೆಚ್ಚು, ಮೂಸುವುದಕ್ಕಿಂತ ಜಗಳ ಹೆಚ್ಚು. ಇಲವಾಲದಿಂದ ಬರುವ ಡಾಕ್ಟರಮ್ಮನಿಗೆ ನೇರಳೆಹಣ್ಣಿನ ವಾಸನೆ ಬಂದರೆ, ರಾಜೀವನಗರದ ಫೋಟೋಗ್ರಾಫರ್‌ಗೆ ಹೊಗೆಸೊಪ್ಪಿನದು, ನನಗೆ ಸುಟ್ಟ ಬೆಲ್ಲದ್ದು. ಇಷ್ಟು ವರ್ಷಗಳಲ್ಲಿ ಮೂವರೂ ಒಂದೇ ಮಾತು ಹೇಳಿದ್ದಿಲ್ಲ. ಕೊನೆಗೆ ಮೇಷ್ಟ್ರು ಗ್ಲಾಸು ಮೂಸಿ ತೀರ್ಪು ಕೊಡುತ್ತಿದ್ದರು. ಮುಖಸ್ತುತಿ ಅವರಿಗೆ ಆಗದು. ಕೆಟ್ಟ ವೈನನ್ನು ಹೊಗಳಿದವರಿಗೆ ಅಂದು ಕೋಡುಬಳೆ ಇಲ್ಲ. ತಟ್ಟೆ ಸೀದಾ ಅಡುಗೆಮನೆಗೆ ವಾಪಸ್ಸು.

ಹೋದ ವರ್ಷ ಬಂದ ಒಂದು ಜ್ವರ ಮೇಷ್ಟ್ರ ಮೂಗನ್ನು ಪೂರ್ತಿ ಕೆಡಿಸಿಬಿಟ್ಟಿತು. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ವಾಸನೆ ಇನ್ನು ಮರಳುವುದಿಲ್ಲವೆಂದು ಮೂಗಿನ ಡಾಕ್ಟರು ಹೇಳಿದ ದಿನ ನಮಗೆ ಫೋನ್ ಮಾಡಿದರು.

"ಆ ಪೋರ್ಟ್ ತೆಗೀತೀನಿ, ಬಂದ್ಬುಡಿ."

ಅದು ಪೋರ್ಚುಗಲ್‌ನ ಸಿಹಿ ವೈನು, ನಮ್ಮೆಲ್ಲರಿಗಿಂತ ಹಿರಿಯದು. ಮೇಷ್ಟ್ರು ಎಂದೋ ವಿದೇಶದಿಂದ ತಂದು ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಮಲಗಿಸಿದ್ದರು. ಬೇಸಿಗೆಯಲ್ಲಿ ಅದಕ್ಕೆ ಸೆಕೆಯಾಗಬಾರದೆಂದು ಒದ್ದೆ ಗೋಣಿ ಹೊದಿಸುತ್ತಿದ್ದರು. "ನಮ್ಮ ತಿಥಿಗೆ ತೆಗೀತೀರಾ?" ಎಂದು ನಾವು ರೇಗಿಸಿದ್ದುಂಟು. ಆ ಮಾತು ಈಗ ನೆನೆದರೆ ಬೇಜಾರಾಗುತ್ತದೆ.

ಗಷ್ಟು ತಳಕ್ಕೆ ಇಳಿಯಲೆಂದು ಬಾಟಲಿಯನ್ನು ಮೊದಲೇ ನಿಲ್ಲಿಸಿಟ್ಟಿದ್ದರು. ಬಿರಡೆ ಪುಡಿಪುಡಿಯಾಗಿ ಬಂತು. ತೆಳು ಬಟ್ಟೆಯಲ್ಲಿ ಸೋಸಿದಾಗ ಗ್ಲಾಸಿಗೆ ಇಳಿದದ್ದು ಹಾಲಿಲ್ಲದ ಟೀ ಬಣ್ಣದ ವೈನು.

"ನಂಗಂತೂ ಏನೂ ಗೊತ್ತಾಗಲ್ಲ ಕಣ್ರೀ," ಎಂದರು ಮೇಷ್ಟ್ರು. "ನೀವ್ ಹೇಳಿ. ಕೇಳಿಸ್ಕೊಂಡು ಕುಡೀತೀನಿ."

ಗ್ಲಾಸು ಮೂಗಿನ ಹತ್ತಿರ ತಂದೆ. ಒದ್ದೆ ಗೋಣಿ. ಮತ್ತೆ ಮೂಸಿದೆ. ಗೋಣಿಯ ಮುಗ್ಗಲು ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಡಾಕ್ಟರಮ್ಮ ತಲೆ ತಗ್ಗಿಸಿದ್ದರು. ಫೋಟೋಗ್ರಾಫರ್ ಕಿಟಕಿಯ ಕಡೆ ನೋಡುತ್ತಿದ್ದ. ಅಷ್ಟು ಜೋಪಾನ ಮಾಡಿಯೇ ಮೇಷ್ಟ್ರು ಅದನ್ನು ಕೊಂದಿದ್ದರೇನೋ ಅನ್ನಿಸಿ ನನಗೆ ಸಂಕಟವಾಯಿತು.

"ಒಣದ್ರಾಕ್ಷಿ," ಎಂದರು ಡಾಕ್ಟರಮ್ಮ.

"ಹೂಂ, ಒಣದ್ರಾಕ್ಷೀನೇ," ಎಂದ ಫೋಟೋಗ್ರಾಫರ್.

ನಾನೂ ಒಣದ್ರಾಕ್ಷಿ ಎಂದೆ.

ಮೇಷ್ಟ್ರು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಅವರ ನಾಲಿಗೆಗೆ ಸಿಹಿಯೊಂದು ತಿಳಿಯುತ್ತಿತ್ತು, ಅಷ್ಟೇ. ಮುಖ ಅರಳಿತು. ಆಮೇಲೆ ನಿಧಾನವಾಗಿ ಕಣ್ಣು ಬಿಟ್ಟು ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು.

"ಮೂರು ಜನಾನೂ ಒಣದ್ರಾಕ್ಷಿ," ಎಂದರು. "ನೀವ್ ಮೂರು ಜನ ಯಾವತ್ತು ಒಪ್ಕೊಂಡಿದ್ರಿ?"

ಮೇಷ್ಟ್ರು ನನ್ನ ಕಡೆ ತಿರುಗಿದರು.

"ಯಾವ ವಾಸನೆ?" ಎಂದು ನನ್ನನ್ನೇ ಕೇಳಿದರು.

"ಗೋಣೀದು, ಮೇಷ್ಟ್ರೇ."

ಅವರು ತಲೆಯಾಡಿಸಿದರು. ಗ್ಲಾಸನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ಕೋಡುಬಳೆ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಬಹಳ ಹೊತ್ತು ಆಚೆ ಬರಲಿಲ್ಲ.